ಆಟದ ಪಂಚಾಂಗ ಬರೆದ ಮಳೆ

ಎಲ್ಲರಿಗೂ ನಮಸ್ಕಾರ. ಊರಿನ ಆಟೋಟದ ಕಥೆ ಹೇಳಿ ಅಂದಾಗ ಶಿವಮೊಗ್ಗದ ನೆಹರು ಕ್ರೀಡಾಂಗಣದಿಂದ ಶುರು ಮಾಡಬಹುದಿತ್ತು. ಆದರೆ ನಮ್ಮ ಮಲೆನಾಡಲ್ಲಿ ಯಾವಾಗ ಏನು ಆಡಬೇಕು ಅಂತ ಹೇಳುತ್ತಿದ್ದದ್ದು ಮೈದಾನ ಅಲ್ಲ, ಮಳೆ. ಅಲ್ವಾ?

ಆರಿದ್ರಾ ಮಳೆ ಹಿಡಿಯಿತು ಅಂದರೆ ಆಟ ಜಗಲಿಗೆ ಬಂತು. ಚೌಕಾಬಾರಕ್ಕೆ ಖರ್ಚೇನಿಲ್ಲ. ಸೀಮೆಸುಣ್ಣದಲ್ಲಿ ಗೀಚಿದ ಐದೈದು ಇಪ್ಪತ್ತೈದು ಮನೆ, ಬಳೆಚೂರಿನ ಕಾಯಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ. ಬೀಜದ ಒಂದು ಮೈಯನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬಿಳಿ ಮಾಡಬೇಕು. ತಿಕ್ಕಿದ ಬೀಜ ಚೆನ್ನಾಗಿ ಕಾದಿರುತ್ತದೆ. ಅದನ್ನು ಪಕ್ಕದಲ್ಲಿ ಕೂತವರ ಕೈಗೆ ಚುರುಕ್ ಅಂತ ಮುಟ್ಟಿಸಿದರೆ ಮೊದಲ ಜಗಳ ಅಲ್ಲೇ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ, ಅಂದರೆ ಎಂಟು. ಎದುರಿನವರ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ದಾರಿ ಇಲ್ಲ. ನಡುಮನೆ ಸೇರಿದರೆ ಕಾಯಿ ಹಣ್ಣಾಯಿತು. ನಮ್ಮಜ್ಜಿಗೆ ಅಕ್ಕಿಯೊಳಗಿನ ಕಲ್ಲು ಕಾಣುತ್ತಿರಲಿಲ್ಲ. ನಾವು ಕಾಯಿಯನ್ನು ಒಂದು ಮನೆ ಜಾಸ್ತಿ ಜರುಗಿಸಿದರೆ ಮಾತ್ರ ತಕ್ಷಣ ಕಾಣುತ್ತಿತ್ತು!

ಮಳೆ ಬಿಟ್ಟು ದೀಪಾವಳಿ ಬಂದರೆ ಶಿಕಾರಿಪುರ, ಸೊರಬದ ಕಡೆ ಹೋರಿ ಬೆದರಿಸುವುದು. ಹೋರಿಯ ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು. ಓಡುವ ಹೋರಿಯಿಂದ ಕೊಬ್ಬರಿ ಹರಿದವನೇ ಗಟ್ಟಿಗ. ಇದರಲ್ಲಿ ಜೀವ ಹೋದದ್ದೂ ಉಂಟು. ಹಬ್ಬ ಅನ್ನುವ ಹೆಸರಲ್ಲಿ ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಇನ್ನು ಶಿವಮೊಗ್ಗ ಪೇಟೆಯವರಿಗೆ ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬಾ ಜಾತ್ರೆ, ಅದರ ಜೊತೆಗೆ ಕುಸ್ತಿ.

ಭತ್ತದ ಕೊಯ್ಲು ಮುಗಿಯಿತೋ, ಗದ್ದೆ ನಮ್ಮದು. ವಾಲಿಬಾಲ್, ಕಬಡ್ಡಿ, ಎಲ್ಲಕ್ಕಿಂತ ಜಾಸ್ತಿ ಟೆನಿಸ್ ಬಾಲ್ ಕ್ರಿಕೆಟ್. ಕೂಳೆಗೆ ತಾಗಿದ ಚೆಂಡು ಎತ್ತ ಹಾರುತ್ತದೋ ಬೌಲರಿಗೇ ಗೊತ್ತಿಲ್ಲ. ಅಡಿಕೆ ತೋಟಕ್ಕೆ ಬಿದ್ದರೆ ಸಿಕ್ಸ್ ಅಲ್ಲ, ಔಟ್. ಹೊಡೆದವನೇ ಹೋಗಿ ಬಸಿಗಾಲುವೆಯಲ್ಲಿ ಹುಡುಕಬೇಕು.

ಬ್ಯಾಟ್ಸ್‌ಮನ್ ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿ, 1949ರಲ್ಲಿ. ಅವರ ಕ್ರಿಕೆಟ್ ಬೆಳೆದದ್ದು ಬೆಂಗಳೂರಿನಲ್ಲಿ ಅನ್ನಿ, ಆದರೂ ನಾವು ಬಿಟ್ಟುಕೊಡುವವರಲ್ಲ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಅವರ ಮೊದಲ ಟೆಸ್ಟ್. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ನಮ್ಮ ಗದ್ದೆಯಲ್ಲಿ ಸೊನ್ನೆಗೆ ಔಟಾದವರೆಲ್ಲ ಇದನ್ನೇ ಹೇಳಿಕೊಂಡು ಇನ್ನೊಂದು ಸಲ ಬ್ಯಾಟ್ ಕೇಳುತ್ತಿದ್ದೆವು. ಕೊಡುತ್ತಿರಲಿಲ್ಲ. ಬ್ಯಾಟ್ ಯಾರದ್ದೋ ಅವನದ್ದೇ ಕಾನೂನು. ಈ ಜಗಳ ತೀರುವ ಮೊದಲೇ ಗುಡುಗು ಶುರುವಾಗುತ್ತಿತ್ತು. ಗದ್ದೆಗೆ ಹೂಟಿ ಇಳಿಯುತ್ತಿತ್ತು. ನಾವು ಮತ್ತೆ ಹುಣಸೆ ಬೀಜ ಹುಡುಕಿಕೊಂಡು ಅಡಿಗೆಮನೆಗೆ.