ಮಳೆಗಾಲವಿಲ್ಲದ ಆಟ

ಕೇಳುಗ ಮಿತ್ರರಿಗೆ ನಮಸ್ಕಾರ.

ಈಗ ನೀವು ಕಾರವಾರದ ಬೈತಖೋಲ ಬಂದರಿಗೆ ಹೋದರೆ ಟ್ರಾಲರ್‌ಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ನಿಂತಿರುವುದು ಕಾಣುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹರಿದ ಬಲೆ ಸರಿಮಾಡುವವರು, ಎಂಜಿನ್ ಬಿಚ್ಚಿ ಹರವಿಕೊಂಡವರು, ಏನೂ ಇಲ್ಲದೆ ಇಸ್ಪೀಟು ಹಾಕುವವರು. ಈ ನಿಷೇಧ ಮೀನು ಮೊಟ್ಟೆಯಿಡಲಿ ಎಂದು ಮಾಡಿದ್ದೇ ಹೊರತು ಮೀನುಗಾರ ಕಾಲು ಚಾಚಲಿ ಎಂದಲ್ಲ. ಆದರೂ ಅವನು ಕಾಲು ಚಾಚುತ್ತಾನೆ.

ಸರಿಯಾಗಿ ಇದೇ ಹೊತ್ತಿಗೆ ಟಿವಿಯಲ್ಲಿ ವಿಂಬಲ್ಡನ್ ಬರುತ್ತದೆ, ಇಂಗ್ಲೆಂಡಿನ ಹುಲ್ಲಿನ ಅಂಕಣದ ಟೆನಿಸ್ ಟೂರ್ನಿ. ನಾನು ಮೂವತ್ತು ವರ್ಷ ಪ್ರೌಢಶಾಲೆಯ ದೈಹಿಕ ಶಿಕ್ಷಕನಾಗಿದ್ದವನು. ಕಲಿಸಿದ್ದು ಕಬಡ್ಡಿ, ಖೊಖೊ, ಓಟ. ಟೆನಿಸ್ ನನ್ನ ಪಾಲಿಗೆ ನೋಡುವ ಆಟ. ಒಮ್ಮೆ ಗೆಳೆಯರೊಬ್ಬರು ತಮ್ಮ ಕ್ಲಬ್ಬಿನ ಅಂಕಣಕ್ಕೆ ಕರೆದೊಯ್ದಿದ್ದರು. ಜುಲೈ ತಿಂಗಳು. ಅಲ್ಲಿ ವಿಂಬಲ್ಡನ್ನಿಗಿಂತ ಉದ್ದದ ಹುಲ್ಲು ಬೆಳೆದಿತ್ತು. ಚೆಂಡು ಹುಡುಕುವುದರಲ್ಲೇ ಸಂಜೆಯಾಯಿತು.

ನಮ್ಮ ಕರಾವಳಿಯಲ್ಲಿ ಮಳೆ ಬಂದರೆ ದೋಣಿ ದಡಕ್ಕೆ, ಯಕ್ಷಗಾನ ಮೇಳ ಮನೆಗೆ. ಟೆನಿಸ್ ಆಟಗಾರರಿಗೆ ಮಾತ್ರ ಮಳೆಗಾಲವೇ ಇಲ್ಲ. ಜನವರಿಯಲ್ಲಿ ಆಸ್ಟ್ರೇಲಿಯದ ಬಿರುಬೇಸಿಗೆ. ಅಲ್ಲಿಂದ ಅಮೆರಿಕ, ಯುರೋಪಿನ ಕೆಂಪು ಮಣ್ಣು, ಇಂಗ್ಲೆಂಡಿನ ಹುಲ್ಲು, ಮತ್ತೆ ಅಮೆರಿಕ, ಚೀನಾ. ನವೆಂಬರ್ ಬಂದರೂ ಆಟ ನಡೆಯುತ್ತಲೇ ಇರುತ್ತದೆ. ಬಿಸಿಲು ಎಲ್ಲಿದೆಯೋ ಅಲ್ಲಿಗೆ ಇವರ ಚೀಲ. ಗೆದ್ದು ಶಿಖರಕ್ಕೇರಿದವರು ಇಪ್ಪತ್ತೈದು, ಇಪ್ಪತ್ತಾರಕ್ಕೆ ರ್‍ಯಾಕೆಟ್ ಕೆಳಗಿಟ್ಟರೆಂದು ಓದಿದಾಗಲೆಲ್ಲ ನನಗೆ ಬೈತಖೋಲದ ದೋಣಿಗಳು ನೆನಪಾಗುತ್ತವೆ.

ಸ್ವೀಡನ್ನಿನ ಬಿಯಾನ್ ಬೋರ್ಗ್ ಅವರನ್ನೇ ನೋಡಿ. ಆರು ಫ್ರೆಂಚ್ ಓಪನ್. 1976ರಿಂದ 1980ರವರೆಗೆ ಸತತ ಐದು ವಿಂಬಲ್ಡನ್. 1980ರ ಫೈನಲ್‌ನಲ್ಲಿ ಜಾನ್ ಮೆಕೆನ್ರೊ ಎದುರು ಸಮಬಲವಾದ ನಾಲ್ಕನೇ ಸೆಟ್ಟನ್ನು ತೀರ್ಮಾನಿಸುವ ಟೈಬ್ರೇಕನ್ನು 16-18ರಿಂದ ಕಳೆದುಕೊಂಡು, ಐದನೇ ಸೆಟ್ಟನ್ನು 8-6ರಿಂದ ಗೆದ್ದವರು. ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ಜನ ಅದನ್ನು ಶಾಂತಿ ಎಂದುಕೊಂಡರು. ಮರುವರ್ಷ ಅದೇ ಮೆಕೆನ್ರೊಗೆ ವಿಂಬಲ್ಡನ್ನಿನಲ್ಲೂ ಸೋತರು, ಅಮೆರಿಕ ಓಪನ್ನಿನಲ್ಲೂ ಸೋತರು. ನ್ಯೂಯಾರ್ಕಿನಲ್ಲಿ ಬಹುಮಾನ ವಿತರಣೆಗೂ ನಿಲ್ಲದೆ ಹೊರಟುಹೋದರು.

ಮುಂದೆ ನಡೆದದ್ದು ನನಗೆ ಇನ್ನೂ ಮುಖ್ಯವೆನಿಸುತ್ತದೆ. 1982ರಲ್ಲಿ ಬೋರ್ಗ್ ಆಟ ಕಡಿಮೆ ಮಾಡಿ ಸ್ವಲ್ಪ ಉಸಿರು ತೆಗೆದುಕೊಳ್ಳಬೇಕೆಂದಿದ್ದರು. ಆದರೆ ವರ್ಷಕ್ಕೆ ಕನಿಷ್ಠ ಹತ್ತು ಟೂರ್ನಿ ಆಡಲು ಒಪ್ಪದವರು ಅರ್ಹತಾ ಸುತ್ತಿನಿಂದ ಆಡಬೇಕು ಎಂಬುದು ಆಗಿನ ನಿಯಮ. ತಾವೇ ಮನೆ ಮಾಡಿಕೊಂಡಿದ್ದ ಮಾಂಟೆ ಕಾರ್ಲೊದಲ್ಲಿ, ಹನ್ನೊಂದು ಗ್ರ್ಯಾನ್‌ಸ್ಲಾಮ್, ಅಂದರೆ ಟೆನಿಸ್ಸಿನ ನಾಲ್ಕು ದೊಡ್ಡ ಟೂರ್ನಿಗಳ ಪ್ರಶಸ್ತಿ, ಗೆದ್ದ ಮನುಷ್ಯ ಹೊಸ ಹುಡುಗರ ಜೊತೆ ಅರ್ಹತಾ ಸುತ್ತು ಆಡಿದರು. 1983ರ ಜನವರಿಯಲ್ಲಿ ನಿವೃತ್ತಿ ಘೋಷಿಸಿದರು. ವಯಸ್ಸು 26. ಅವರು ಕೇಳಿದ್ದು ಒಂದು ಮಳೆಗಾಲ. ಸಿಗದಿದ್ದಾಗ ಕಡಲನ್ನೇ ಬಿಟ್ಟರು. 1991ರಲ್ಲಿ ಮರಳಿ ಬಂದಾಗ ಅವರ ಕೈಯಲ್ಲಿದ್ದದ್ದು ಅದೇ ಹಳೆಯ ಮರದ ರ್‍ಯಾಕೆಟ್. ಉಳಿದವರೆಲ್ಲ ಅದನ್ನು ಬಿಟ್ಟು ವರ್ಷಗಳಾಗಿದ್ದವು. ಮೊದಲ ಪಂದ್ಯದಲ್ಲೇ ಸೋತರು.

ಆ ನಿಯಮ ಹೋಯಿತು, ಬೇರೆ ಬಂದವು. ಆದರೆ ರ್‍ಯಾಂಕಿಂಗ್ ಲೆಕ್ಕವೊಂದು ಸಾಕು ನಿದ್ದೆ ಕೆಡಿಸಲು. ಅಂಕಗಳ ಆಯುಷ್ಯ 52 ವಾರ. ಹೋದ ವರ್ಷ ಗೆದ್ದ ಟೂರ್ನಿ ಈ ವರ್ಷ ಬರುವ ಹೊತ್ತಿಗೆ ಆ ಅಂಕಗಳು ಕಳಚಿಹೋಗುತ್ತವೆ. ಮತ್ತೆ ಗೆದ್ದರೆ ಇದ್ದಲ್ಲೇ ಇರುತ್ತೀರಿ, ಇಲ್ಲದಿದ್ದರೆ ಕೆಳಗೆ. ನಮ್ಮ ಶಿರಸಿ, ಸಿದ್ದಾಪುರದ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೊಸೈಟಿಯ ಬೆಳೆಸಾಲವನ್ನು ಮಾರ್ಚ್ ಕೊನೆಗೆ ತೀರಿಸಿ, ಮತ್ತೆ ಅದನ್ನೇ ಎತ್ತಿದ ಹಾಗೆ. ಸೋತವನಿಗೆ ಕಳೆದುಕೊಳ್ಳಲು ಹೆಚ್ಚೇನಿಲ್ಲ. ಗೆದ್ದವನ ಸಾಲವೇ ದೊಡ್ಡದು.

ಬೆಲ್ಜಿಯಂನ ಜಸ್ಟಿನ್ ಹೆನಿನ್ 2008ರ ಮೇ ತಿಂಗಳಲ್ಲಿ, ವಿಶ್ವದ ಮೊದಲ ಸ್ಥಾನದಲ್ಲಿದ್ದಾಗಲೇ, 25ನೇ ವಯಸ್ಸಿನಲ್ಲಿ ನಿಲ್ಲಿಸಿದರು. ಸತತ ಮೂರು ಬಾರಿ ಗೆದ್ದಿದ್ದ ಫ್ರೆಂಚ್ ಓಪನ್ನಿಗೆ ಎರಡು ವಾರವೂ ಉಳಿದಿರಲಿಲ್ಲ. ಅದೇ ದೇಶದ ಕಿಮ್ ಕ್ಲೈಸ್ಟರ್ಸ್ ಅದಕ್ಕೂ ಒಂದು ವರ್ಷ ಮೊದಲು, 23ಕ್ಕೇ ಬಿಟ್ಟಿದ್ದರು. 2009ರಲ್ಲಿ ಮಗುವಿನ ತಾಯಿಯಾಗಿ ಬಂದು ಅಮೆರಿಕ ಓಪನ್ ಗೆದ್ದರು. ಹೆನಿನ್ ಕೂಡ 2010ರಲ್ಲಿ ಬಂದು ಆಸ್ಟ್ರೇಲಿಯ ಓಪನ್ ಫೈನಲ್ ತಲುಪಿದರು. ಹಾಗಾದರೆ ಅದು ನಿವೃತ್ತಿಯೇ? ರಜೆ ಎಂದು ಬರೆದುಕೊಟ್ಟರೆ ಯಾರೂ ಮಂಜೂರು ಮಾಡದ ಕಡೆ, ರಾಜೀನಾಮೆ ಎಂದು ಬರೆದುಕೊಟ್ಟರು ಎಂದೇ ನನಗೆ ತೋರುತ್ತದೆ.

ಶಿರಸಿ ಕಡೆಯ ಮದುವೆ ಮನೆಗಳಲ್ಲಿ ಪಂಕ್ತಿಗೆ ಕುಳಿತವರಿಗೆ ಒಂದು ಕಷ್ಟ ಗೊತ್ತು. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ‘ಸಾಕು’ ಎಂದರೂ ಬೆರಳಿನ ಸಂದಿಯಿಂದ ಜಿಲೇಬಿ ಇಳಿಯುತ್ತದೆ. ಬಡಿಸುವವರ ಪ್ರೀತಿ ಅದು, ಬೈಯುವಂತಿಲ್ಲ. ಆದರೆ ‘ಸಾಕು’ ಬೇರೆ, ‘ಸಾಕಾಯಿತು’ ಬೇರೆ. ಹೊಟ್ಟೆ ತುಂಬಿದವರು ಹೇಳುವುದು ಮೊದಲನೆಯದು. ಅದನ್ನು ಕೇಳಿಸಿಕೊಳ್ಳದಿದ್ದರೆ ಎರಡನೆಯದು ಬರುತ್ತದೆ, ಆಗ ಊಟವೇ ಬೇಡವಾಗಿರುತ್ತದೆ.

‘ಸಾಕು’ ಎಂದು ಹೇಳಲು ಗೊತ್ತಿದ್ದವರೆಂದರೆ ಆಸ್ಟ್ರೇಲಿಯದ ಆಶ್ಲೆ ಬಾರ್ಟಿ. 15ನೇ ವಯಸ್ಸಿನಲ್ಲಿ ಬಾಲಕಿಯರ ವಿಂಬಲ್ಡನ್ ಗೆದ್ದ ಹುಡುಗಿ 2014ರಲ್ಲಿ ಟೆನಿಸ್ ನಿಲ್ಲಿಸಿ, ಬ್ರಿಸ್ಬೇನ್ ಹೀಟ್ ತಂಡಕ್ಕೆ ಕ್ರಿಕೆಟ್ ಆಡಿದರು. ಹನ್ನೊಂದು ಜನರ ತಂಡ, ಸೋತರೆ ಹಂಚಿಕೊಳ್ಳಲು ಹತ್ತು ಜನ. 2016ರಲ್ಲಿ ಮರಳಿದರು. 2019ರಲ್ಲಿ ಫ್ರೆಂಚ್ ಓಪನ್, 2021ರಲ್ಲಿ ವಿಂಬಲ್ಡನ್, 2022ರಲ್ಲಿ ಆಸ್ಟ್ರೇಲಿಯ ಓಪನ್. ಆ ಕೊನೆಯದು 44 ವರ್ಷಗಳ ನಂತರ ತವರಿನವರೊಬ್ಬರು ಗೆದ್ದ ಸಿಂಗಲ್ಸ್ ಪ್ರಶಸ್ತಿ. ಎರಡು ತಿಂಗಳು ತುಂಬುವ ಮೊದಲೇ, 25ನೇ ವಯಸ್ಸಿನಲ್ಲಿ, ಮೊದಲ ಸ್ಥಾನದಲ್ಲಿ ಕುಳಿತೇ ನಿವೃತ್ತಿ ಹೇಳಿದರು. ಆ ದಿನ ಪತ್ರಿಕೆ ಓದಿ ನನ್ನ ಹೆಂಡತಿ, ‘ಹೊಟ್ಟೆ ತುಂಬಿದ ಮೇಲೆ ಏಳಬೇಡವೇ?’ ಎಂದಳು. ನನಗೆ ಮಾತ್ರ ಹೊಟ್ಟೆ ಉರಿದಿತ್ತು. ನೋಡುವ ನಮಗೆ ಇನ್ನೊಂದು ಸೌಟು ಬಡಿಸುವ ಆಸೆ.

ಮಕ್ಕಳ ವಿಷಯಕ್ಕೆ ಬಂದರೆ ಈ ಆಸೆ ಅಪಾಯ. ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ 14 ತುಂಬುವ ಮೊದಲೇ ವೃತ್ತಿಪರ ಆಟಕ್ಕೆ ಇಳಿದವರು, 16ಕ್ಕೆ ಬಾರ್ಸಿಲೋನ ಒಲಿಂಪಿಕ್ಸ್‌ನಲ್ಲಿ ಸ್ಟೆಫಿ ಗ್ರಾಫ್ ಅವರನ್ನು ಸೋಲಿಸಿ ಚಿನ್ನ ಗೆದ್ದವರು. 1993ರ ಕೊನೆಗೆ ಅಂಕಣದಿಂದ ಕಣ್ಮರೆಯಾದರು. 2001ರಲ್ಲಿ ಆಸ್ಟ್ರೇಲಿಯ, ಫ್ರೆಂಚ್ ಓಪನ್ ಎರಡನ್ನೂ ಗೆದ್ದರು, ನಿಜ. ನಡುವಿನ ವರ್ಷಗಳು ಹೋದವು. ಅವರಂಥವರನ್ನು ನೋಡಿಯೇ 1995ರಿಂದ ಮಹಿಳಾ ಟೆನಿಸ್ ಸಂಸ್ಥೆ ಎಳೆಯರು ಆಡಬಹುದಾದ ಟೂರ್ನಿಗಳಿಗೆ ಮಿತಿ ಹಾಕಿತು.

ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ, 2024ರಲ್ಲಿ ಆಸ್ಟ್ರೇಲಿಯ ಓಪನ್ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದೀರಿ. ಗೆದ್ದರು. ಆದರೆ ಅದು ಡಬಲ್ಸ್. ಪಕ್ಕದಲ್ಲಿ ಮಾತನಾಡಲು ಒಬ್ಬರಿದ್ದರು. ನಮ್ಮ ಹೊನ್ನಾವರದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ವೇಷ ಕಟ್ಟಿದರು. ಆದರೆ ಅವರ ಹಿಂದೆ ಚಂಡೆ, ಮದ್ದಳೆ ಇದ್ದವು. ಕಲಾವಿದ ದಣಿದದ್ದು ಕಂಡರೆ ಭಾಗವತರು ಪದ್ಯವನ್ನು ಮೊಟಕು ಮಾಡಿ ಮುಗಿಸಬಲ್ಲರು. ಟೆನಿಸ್ ಅಂಪೈರ್ ಸೆಟ್ಟನ್ನು ಮೊಟಕು ಮಾಡುವುದಿಲ್ಲ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಂತೂ ಬಹುಕಾಲ ಕೋಚ್ ಕೂಡ ಬಾಯಿ ಬಿಡುವಂತಿರಲಿಲ್ಲ.

ನನ್ನ ಕೈಕೆಳಗೂ ಒಬ್ಬ ಹುಡುಗಿ ಓಡುತ್ತಿದ್ದಳು. ಅಂಕೋಲೆ ಕಡೆಯವಳು. ಎಂಟುನೂರು ಮೀಟರ್. ಬೆಳಿಗ್ಗೆ ಐದಕ್ಕೆ ನಾನು ಸೀಟಿ ಊದಿದರೆ ಮಳೆಯಾದರೂ ಮೈದಾನದಲ್ಲಿ ಇರಬೇಕು. ಜಿಲ್ಲೆಯಲ್ಲಿ ಗೆದ್ದಳು, ವಿಭಾಗದಲ್ಲಿ ಗೆದ್ದಳು. ಹತ್ತನೆಯ ತರಗತಿಯ ಜುಲೈಯಲ್ಲಿ ಒಂದು ದಿನ ‘ಸಾಕು ಸರ್’ ಎಂದಳು. ನಾನು ಬೈದೆ. ಇನ್ನೂ ಒಂದು ತಿಂಗಳು ಓಡಿಸಿದೆ. ಆಮೇಲೆ ಅವಳು ಮೈದಾನದ ಕಡೆ ಬರಲೇ ಇಲ್ಲ, ದಾರಿಯಲ್ಲಿ ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದಳು.

ಹೋದ ವರ್ಷ ಬಸ್ ನಿಲ್ದಾಣದಲ್ಲಿ ಅವಳೇ ಮಾತನಾಡಿಸಿದಳು. ಮಗನ ಕೈ ಹಿಡಿದುಕೊಂಡಿದ್ದಳು. ‘ಸರ್, ಈಗಲೂ ಐದಕ್ಕೆ ಸೀಟಿ ಊದುತ್ತೀರಾ?’ ಎಂದು ನಕ್ಕಳು. ನಿವೃತ್ತನಾದೆ, ಏಳುವುದು ಏಳಕ್ಕೆ ಎಂದೆ. ಹುಡುಗ ನಿಂತಲ್ಲಿ ನಿಲ್ಲದೆ ಫಲಕದಿಂದ ಫಲಕಕ್ಕೆ ಓಡುತ್ತಿದ್ದ. ಒಳ್ಳೆಯ ಕಾಲು. ಬಾಯಿಯವರೆಗೆ ಬಂದ ಮಾತನ್ನು ನುಂಗಿಕೊಂಡೆ. ಅಷ್ಟರಲ್ಲಿ ಕುಮಟೆಯ ಬಸ್ ಬಂತು.

ನಮಸ್ಕಾರ.