ಲ್ಯಾಪ್‌ಟಾಪ್ ಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ

ಕೇಳುಗರಿಗೆಲ್ಲ ನಮಸ್ಕಾರ.

ತುಮಕೂರಿನಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ರಿಪೇರಿಗೆ ಬರುವವರಷ್ಟೇ ಜನ ಸಲಹೆ ಕೇಳುವುದಕ್ಕೂ ಬರುತ್ತಾರೆ. ಎಲ್ಲರದೂ ಹೆಚ್ಚುಕಡಿಮೆ ಒಂದೇ ಮಾತು. "ಮನೆಗೊಂದು ಲ್ಯಾಪ್‌ಟಾಪ್ ಬೇಕು ಸಾರ್. ದೊಡ್ಡ ಕೆಲಸ ಏನಿಲ್ಲ, ಸುಮ್ನೆ ನೆಟ್ ನೋಡೋಕೆ. 30 ಸಾವಿರದ ಒಳಗೆ ಯಾವುದಾದ್ರೂ ಹೇಳಿ." ಈ ನಿಲಯದವರು ಮಾತಾಡಲು ಕರೆದಾಗ ನಾನು ಆರಿಸಿಕೊಂಡ ವಿಷಯವೂ ಅದೇ.

ಪೆನ್ನು, ಕಾಗದ ಹುಡುಕಬೇಡಿ. ನಾನು ಹೇಳುವುದು ಒಂದೇ ಸಂಗತಿ. ರ‍್ಯಾಮ್ 8 ಜಿಬಿ ಇರಬೇಕು. ಕಂಪ್ಯೂಟರ್ ಆ ಹೊತ್ತಿಗೆ ಮಾಡುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ಜಾಗ ಅದು. ಕಂಪನಿ ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ, ಅಂಗಡಿಯವರು ಏನೇ ಫ್ರೀ ಕೊಡಲಿ. 8 ಜಿಬಿ ರ‍್ಯಾಮ್ ಇಲ್ಲ ಅಂದರೆ ಎದ್ದು ಬನ್ನಿ.

ಯಾಕೆ ಅಂತ ಕೇಳಿ. ನೆಟ್ ನೋಡುವುದು ಹಗುರ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಇಪ್ಪತ್ತು ವರ್ಷದ ಹಿಂದೆ ಹೌದು. ಆಗ ಒಂದು ಪುಟದಲ್ಲಿ ಇರುತ್ತಿದ್ದದ್ದು ಒಂದಷ್ಟು ಅಕ್ಷರ, ಒಂದೆರಡು ಫೋಟೊ. ಈಗ ಯಾವುದಾದರೂ ಸುದ್ದಿ ಪುಟ ತೆರೆದು ನೋಡಿ. ತಾನೇ ತಾನಾಗಿ ಓಡುವ ವಿಡಿಯೊ, ಅದರ ಸುತ್ತ ಜಾಹೀರಾತು, ಮೂಲೆಯಲ್ಲಿ ನೋಟಿಫಿಕೇಶನ್ ಬೇಕಾ ಬೇಡವಾ ಅನ್ನುವ ಪೀಡೆ. ಅದರ ಮೇಲೆ, 2008ರಲ್ಲಿ ಗೂಗಲ್ ಕ್ರೋಮ್ ಬಂದಾಗಿನಿಂದ ಬ್ರೌಸರ್‌ಗಳು ಒಂದೊಂದು ಟ್ಯಾಬನ್ನೂ ಬೇರೆ ಬೇರೆ ಪ್ರೋಗ್ರಾಂ ಆಗಿಯೇ ಓಡಿಸುವ ರೂಢಿ ಬಂದಿದೆ. ಒಂದು ಪುಟ ಕೈಕೊಟ್ಟರೂ ಉಳಿದವು ನಡೆಯಲಿ ಅಂತ. ಒಳ್ಳೆಯದೇ. ಆದರೆ ಒಂದೊಂದೂ ತನ್ನ ಪಾಲಿನ ರ‍್ಯಾಮ್ ಕೇಳುತ್ತದೆ. ನಿಮ್ಮ ಮನೆಯಲ್ಲಿ ನಡೆಯುವ ಕೆಲಸಗಳಲ್ಲಿ ರ‍್ಯಾಮನ್ನು ಅತಿ ಜಾಸ್ತಿ ತಿನ್ನುವುದು ಈ 'ಸುಮ್ನೆ ನೆಟ್ ನೋಡೋದು'.

ಅಡುಗೆಮನೆಯ ಕಟ್ಟೆ ಇದೆಯಲ್ಲ, ರ‍್ಯಾಮ್ ಅದು. ಫೈಲು, ಫೋಟೊ ಎಲ್ಲ ಉಳಿಸಿಡುವ ಸ್ಟೋರೇಜ್ ಉಗ್ರಾಣ. ಹೆಚ್ಚುವುದು, ಕಲಸುವುದು ಎಲ್ಲ ಕಟ್ಟೆಯ ಮೇಲೆ. ಕಟ್ಟೆ ಇಕ್ಕಟ್ಟಾದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಅಡುಗೆ ಮುಂದೆ ಹೋಗಲ್ಲ. ತೊಂದರೆ ಏನಪ್ಪಾ ಅಂದರೆ, ಎರಡನ್ನೂ ಅಳೆಯುವುದು ಜಿಬಿಯಲ್ಲೇ. ಮಾರುವವರಿಗೆ ಇದು ಬಹಳ ಅನುಕೂಲ.

ಇದಕ್ಕೆ ನಮ್ಮ ಊರ ಕಡೆಯದೇ ಒಂದು ಕತೆ ಹೇಳಬೇಕು. ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿ ಕಾರ್ಯದರ್ಶಿಗಳು ನನಗೆ ಹಳೆಯ ಪರಿಚಯ. ಡೇರಿಯ ಕಂಪ್ಯೂಟರ್ ಕೆಟ್ಟರೆ ನನ್ನನ್ನೇ ಕರೆಯುವವರು. ಮಗಳು ಪಿಯುಸಿಯಲ್ಲಿದ್ದಳು. ದಸರಾ ಆಫರ್‌ನಲ್ಲಿ ಒಂದು ಲ್ಯಾಪ್‌ಟಾಪ್ ತಗೊಂಡರು. ನನ್ನನ್ನು ಕೇಳಲಿಲ್ಲ, ಇರಲಿ. ಲ್ಯಾಪ್‌ಟಾಪ್ ಜೊತೆ ಬ್ಯಾಗ್ ಫ್ರೀ, ಮೌಸ್ ಫ್ರೀ, ಇಯರ್‌ಫೋನ್ ಫ್ರೀ. "ಮೆಮೊರಿ 64 ಜಿಬಿ ಅಂತೆ ಸಾರ್" ಅಂತ ಖುಷಿಯಿಂದ ಫೋನ್ ಮಾಡಿದರು. ರ‍್ಯಾಮ್ ಎಷ್ಟು ಅಂದೆ. "ಅದೇ ಸಾರ್, 64" ಅಂದರು.

ಮುಂದೆ ಸಿಇಟಿ ಆಯಿತು, ರ‍್ಯಾಂಕ್ ಬಂತು, ಆಪ್ಷನ್ ಎಂಟ್ರಿ ಶುರುವಾಯಿತು. ಮನೆಯಲ್ಲಿ ಮಕ್ಕಳಿದ್ದವರಿಗೆ ಗೊತ್ತು, ಆ ದಿನಗಳಲ್ಲಿ ಊಟ ನಿದ್ದೆ ಯಾವುದೂ ಹೊತ್ತಿಗೆ ಸರಿಯಾಗಿ ಇರಲ್ಲ. ಯಾವ ಕಾಲೇಜು ಮೊದಲು, ಯಾವ ಕೋರ್ಸು ಆಮೇಲೆ ಅಂತ ಕ್ರಮವಾಗಿ ತುಂಬಬೇಕು. ಒಂದು ಸಂಜೆ ಅಪ್ಪ ಮಗಳು ಇಬ್ಬರೂ ಲ್ಯಾಪ್‌ಟಾಪ್ ಹಿಡಿದುಕೊಂಡು ಅಂಗಡಿಗೆ ಬಂದರು. ಅಪ್ಪನ ಮುಖ ಕೆಂಪಗಿತ್ತು. "ಸರ್ವರ್ ಸರಿಯಿಲ್ಲ ಸಾರ್, ಮಕ್ಕಳ ಭವಿಷ್ಯದ ಜೊತೆ ಆಟ ಆಡ್ತಾರೆ" ಅಂತ ಶುರು ಮಾಡಿದರು. ಹುಡುಗಿ ಮೆತ್ತಗೆ ಹೇಳಿದಳು, "ಅಂಕಲ್, ನನ್ನ ಫ್ರೆಂಡ್ಸ್‌ಗೆಲ್ಲ ಸರಿಯಾಗೇ ಬರ್ತಿದೆ."

ಮನೆಯಲ್ಲಿ ಹೇಗೆ ಮಾಡುತ್ತಿದ್ದೆಯೋ ಹಾಗೇ ಮಾಡಿ ತೋರಿಸಮ್ಮಾ ಅಂದೆ. ಹುಡುಗಿ ಜಾಣೆ. ಹಿಂದಿನ ವರ್ಷದ ಕಟ್‌ಆಫ್ ಪಿಡಿಎಫ್ ಒಂದು ಟ್ಯಾಬ್‌ನಲ್ಲಿ, ಫೀಸಿನ ಪಟ್ಟಿ ಇನ್ನೊಂದರಲ್ಲಿ, ನಾಲ್ಕೈದು ಕಾಲೇಜುಗಳ ವೆಬ್‌ಸೈಟು, ವಾಟ್ಸ್ಆ್ಯಪ್ ವೆಬ್, ಆಪ್ಷನ್ ಎಂಟ್ರಿ ಮಾಡುವುದು ಹೇಗೆ ಅಂತ ಹೇಳುವ ಒಂದು ಯೂಟ್ಯೂಬ್ ವಿಡಿಯೊ. ಕೊನೆಗೆ ಆಪ್ಷನ್ ತುಂಬುವ ಪುಟ. ಒಂದಷ್ಟು ಕಾಲೇಜು ತುಂಬಿ, ಕಟ್‌ಆಫ್ ನೋಡಲು ಪಿಡಿಎಫ್‌ಗೆ ಹೋಗಿ ವಾಪಸ್ ಬಂದಳು. ಪರದೆ ಬೆಳ್ಳಗಾಯಿತು. ಆ ನೀಲಿ ಉಂಗುರ ಸುತ್ತಿತು, ಸುತ್ತಿತು. ಆಮೇಲೆ ಪುಟ ಮೊದಲಿಂದ ಲೋಡ್ ಆಯಿತು. ತುಂಬಿ ಸೇವ್ ಮಾಡದೆ ಇದ್ದದ್ದು ಮಾಯ.

ಇದು ಸರ್ವರ್ ತಪ್ಪಲ್ಲ. ರ‍್ಯಾಮ್ ಸಾಲದೇ ಹೋದಾಗ ಕ್ರೋಮ್ ನೀವು ನೋಡದೆ ಬಿಟ್ಟ ಟ್ಯಾಬನ್ನು ಸದ್ದಿಲ್ಲದೆ ಕೆಳಗಿಳಿಸುತ್ತದೆ. ವಾಪಸ್ ಹೋದಾಗ ಮತ್ತೆ ಮೊದಲಿಂದ ತರಿಸುತ್ತದೆ. ಅಪ್ಪನಿಗೆ ಕಣ್ಣಾರೆ ಕಾಣಲಿ ಅಂತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಮೆಮೊರಿ ಎದುರಿಗೆ 93 ಪರ್ಸೆಂಟ್. ಒಟ್ಟು ಇದ್ದದ್ದೇ 4 ಜಿಬಿ, ಅದರಲ್ಲೂ ಒಂದು ತುಣುಕನ್ನು ಡಿಸ್‌ಪ್ಲೇಗೆ ಎತ್ತಿಟ್ಟಿತ್ತು. ಆ 64 ಜಿಬಿ ಇತ್ತಲ್ಲ, ಅದು ಸ್ಟೋರೇಜು. ಅದೂ ಎಸ್‌ಎಸ್‌ಡಿ ಅಲ್ಲ, ಅದಕ್ಕಿಂತ ನಿಧಾನದ ಇಎಂಎಂಸಿ. ಅಗ್ಗದ ಫೋನುಗಳಲ್ಲಿ ಇರುವಂಥದ್ದು. ಸಿ ಡ್ರೈವ್ ತೆರೆದರೆ ಪಟ್ಟಿ ಪೂರ್ತಿ ಕೆಂಪು. ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ಜಾಗ ತುಂಬಿಕೊಂಡು ಕೂತಿದ್ದವು. ಪಾಪ ಆ ಹುಡುಗಿಯ ಒಂದು ಹಾಡೂ ಅದರಲ್ಲಿ ಇರಲಿಲ್ಲ.

ರ‍್ಯಾಮ್ ಜಾಸ್ತಿ ಮಾಡಿಕೊಡಿ ಸಾರ್ ಅಂದರು. ಹಿಂದಿನ ಮುಚ್ಚಳ ಬಿಚ್ಚಿದೆ. ಸ್ಲಾಟೇ ಇಲ್ಲ. ಚಿಪ್‌ಗಳನ್ನು ಬೋರ್ಡಿಗೇ ಸೋಲ್ಡರ್ ಮಾಡಿಬಿಟ್ಟಿದ್ದಾರೆ. ತೆಳ್ಳಗಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೀಗೆ ಬಹಳ. ಕೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಅದಕ್ಕೇ ನಾನು ಕೊಳ್ಳುವ ಮುಂಚೆ ಕೇಳಿ, ಕೊಳ್ಳುವ ಮುಂಚೆ ಕೇಳಿ ಅಂತ ಬಡಕೊಳ್ಳುವುದು.

ಮಾರಿದವರು ಸುಳ್ಳು ಹೇಳಿದರಾ? ಇಲ್ಲ. ವಿಂಡೋಸ್ 11 ಓಡಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಬೇಕು ಅಂತ ಮೈಕ್ರೋಸಾಫ್ಟೇ ಹೇಳಿದೆ. ಆ ಲ್ಯಾಪ್‌ಟಾಪ್ ಆ ಗೆರೆಯ ಮೇಲೆ ಸರಿಯಾಗಿ ನಿಂತಿತ್ತು. ಅಷ್ಟಿದ್ದರೆ ಮೆಷಿನ್ ಆನ್ ಆಗುತ್ತದೆ, ಅಷ್ಟೇ ಸ್ವಾಮಿ. ಕೆಲಸ ಮಾಡೋಕೆ ಅದರ ಎರಡರಷ್ಟು ರ‍್ಯಾಮ್ ಬೇಕು.

ಅವತ್ತು ಹುಡುಗಿ ನನ್ನ ಅಂಗಡಿಯ ಹಳೆಯ ಥಿಂಕ್‌ಪ್ಯಾಡ್ ಮುಂದೆ ಕೂತು ಆಪ್ಷನ್ ತುಂಬಿದಳು. ಅದೇ ಅಷ್ಟೂ ಟ್ಯಾಬ್, ಎಲ್ಲೂ ಬೆಳ್ಳಗಾಗಲಿಲ್ಲ. ಆ ಮೆಷಿನ್ ಯಾವ ಕಾಲದ್ದು ಗೊತ್ತಾ? 2018ರ ಮಾಡೆಲ್, ಟಿ480. ಅವಳ ಹೊಚ್ಚ ಹೊಸದಕ್ಕಿಂತ ಎಷ್ಟೋ ವರ್ಷ ಹಳೆಯದು. ಆದರೆ ರ‍್ಯಾಮ್ 8 ಜಿಬಿ, ಜೊತೆಗೆ ಎಸ್‌ಎಸ್‌ಡಿ. ಟಿ480 ಬಗ್ಗೆ ಮಾತಾಡಲು ಬಿಟ್ಟರೆ ನಾನು ನಿಲ್ಲಿಸಲ್ಲ. ರ‍್ಯಾಮ್‌ಗೆ ಎರಡು ಸ್ಲಾಟ್. ಹಿಂದಿನ ಬ್ಯಾಟರಿಯನ್ನು ಚಿಲಕ ಸರಿಸಿ ಕೈಯಲ್ಲೇ ತೆಗೆಯಬಹುದು. ಕೀಬೋರ್ಡ್ ಮೇಲೆ ಬೆರಳಿಟ್ಟರೆ ಟೈಪ್ ಮಾಡುತ್ತಲೇ ಇರೋಣ ಅನ್ನಿಸುತ್ತದೆ. ಕಾರ್ಯದರ್ಶಿಗಳು ಆಮೇಲೆ ಅಂಥದ್ದೇ ಒಂದು ಸೆಕೆಂಡ್ ಹ್ಯಾಂಡ್ ತಗೊಂಡರು. ಫ್ರೀ ಬಂದಿತ್ತಲ್ಲ ಬ್ಯಾಗು, ಅದು ಮಾತ್ರ ಚೆನ್ನಾಗಿದೆ. ಹುಡುಗಿ ಕಾಲೇಜಿಗೆ ಅದನ್ನೇ ಹಾಕಿಕೊಂಡು ಹೋಗುತ್ತಾಳೆ.

ಕತೆ ಉದ್ದವಾಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್. "ಐ5 ಸಾಕಾ, ಐ7 ಬೇಕಾ" ಅಂತ ಕೇಳುತ್ತಾರೆ. ನೆಟ್ ನೋಡೋಕೆ ಐ7 ಖಂಡಿತ ಬೇಡ. ಇಂಟೆಲ್ ಕಂಪನಿಯ ಐ3 ಸಾಕು, ಎಎಂಡಿ ಕಂಪನಿಯ ರೈಜೆನ್ 3 ಸಾಕು. ಉಳಿದ ದುಡ್ಡು ರ‍್ಯಾಮ್‌ಗೆ ಹಾಕಿ. ಆದರೆ ಹಳೆಯದು ಕೊಳ್ಳುವವರು ಒಂದು ನಂಬರ್ ನೋಡಲೇಬೇಕು. ಐ5 ಅಂತ ಬರೆದು, ಪಕ್ಕದಲ್ಲಿ 8250 ಅಂತ ಇದ್ದರೆ ಎಂಟನೇ ತಲೆಮಾರು. 7200 ಅಂತ ಇದ್ದರೆ ಏಳನೇದು. ಇಂಟೆಲ್‌ನಲ್ಲಿ ಎಂಟು ಅಥವಾ ಅದಕ್ಕಿಂತ ಮುಂದಿನದು ತಗೊಳ್ಳಿ. ಯಾಕೆಂದರೆ ವಿಂಡೋಸ್ 11 ಕೇಳುವುದು ಎಂಟರಿಂದ ಮೇಲಿನದನ್ನು. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ವ್ಯವಹಾರ ಮಾಡುವ ಮೆಷಿನ್‌ನಲ್ಲಿ ಸಪೋರ್ಟ್ ಇಲ್ಲದ ವಿಂಡೋಸ್ ಬೇಡವೇ ಬೇಡ.

ಹಳೆಯದು ಎಲ್ಲಿ ಸಿಗುತ್ತದೆ? ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ. ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ಅಲ್ಲಿ ಅಂಗಡಿ ಅಂಗಡಿಯಲ್ಲೂ ಇವೆ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರಿ ಕೂತಿದೆ, ಎಐ ಡೇಟಾ ಸೆಂಟರ್‌ಗಳು ಬಾಚಿಕೊಳ್ಳುತ್ತಿವೆ. ಹಾಗಾಗಿ 8 ಜಿಬಿ ಈಗಾಗಲೇ ಒಳಗಿರುವ ಮೆಷಿನ್ ಹುಡುಕುವುದೇ ಲಾಭ. ಮುಚ್ಚಳ ತೆರೆದು ಮುಚ್ಚಿ ಹಿಂಜ್ ಸಡಿಲವಿದೆಯಾ ನೋಡಿ. ಬ್ಯಾಟರಿ ತಾಳುತ್ತದಾ ನೋಡಲು ಚಾರ್ಜರ್ ಕಿತ್ತು ಹತ್ತು ನಿಮಿಷ ಯೂಟ್ಯೂಬ್ ಓಡಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಸ್ಕ್ರೀನ್: ಫುಲ್ ಎಚ್‌ಡಿ ಇರಲಿ. ಬರೀ ಎಚ್‌ಡಿಯಲ್ಲಿ ಕನ್ನಡದ ಒತ್ತಕ್ಷರಗಳು ಸಣ್ಣ ಸೈಜಿನಲ್ಲಿ ಕಲಸಿಹೋಗುತ್ತವೆ. ವಯಸ್ಸಾದವರ ಕಣ್ಣಿಗೆ ಬಹಳ ಕಷ್ಟ.

ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ ಓಎಸ್ ಓಡಿಸುವ ಕ್ರೋಮ್‌ಬುಕ್ ಕೊಳ್ಳಬಹುದಾ? ಬರೀ ನೆಟ್ ಆದರೆ ಧಾರಾಳವಾಗಿ. ಅದರ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ, ಪ್ರತಿ ಮಾಡೆಲ್‌ಗೂ ಒಂದು ಕೊನೆಯ ತಾರೀಖು ಇರುತ್ತದೆ. ಕನ್ನಡ ಟೈಪಿಂಗ್‌ಗೆ ನುಡಿ, ಲೆಕ್ಕಪತ್ರಕ್ಕೆ ಟ್ಯಾಲಿ ಬೇಕು ಅನ್ನುವವರಿಗೆ ಅದು ಆಗಿಬರಲ್ಲ.

ಇಷ್ಟು ಹೇಳಿದ ಮೇಲೂ ನಾಳೆ ಯಾರಾದರೂ ಬಂದು "ಯಾವ ಕಂಪನಿ ಒಳ್ಳೇದು ಸಾರ್" ಅಂತ ಕೇಳುತ್ತಾರೆ, ನನಗೆ ಗೊತ್ತು. ಅಲ್ಲಾ ರೀ, ಫೋನ್ ಕೊಳ್ಳುವಾಗ ನೀವೇ "8, 128 ಇದೆಯಾ" ಅಂತ ಕೇಳುತ್ತೀರಿ. ಹಳ್ಳಿಯ ಅಜ್ಜನೂ ಕೇಳುತ್ತಾನೆ. ಆ 8 ರ‍್ಯಾಮು, 128 ಸ್ಟೋರೇಜು. ಅದೇ ಬಾಯಿ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಯಾಕೆ ಕಟ್ಟಿಹೋಗುತ್ತದೆ? ಅಲ್ಲೂ ಹಾಗೇ ಕೇಳಿ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದೆಯಾ ಅನ್ನಿ. ಇದೆ ಅಂದರೆ ಬಾಯಿ ಮಾತು ನಂಬಬೇಡಿ. ಅಂಗಡಿಯಲ್ಲೇ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ. ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ. ಬಲಗಡೆ ಮೇಲಿನ ಮೂಲೆಯಲ್ಲಿ 8 ಅಂತ ಕಂಡ ಮೇಲೆ ದುಡ್ಡು ಎಣಿಸಿ. ಬಿಲ್‌ನಲ್ಲೂ ಅದನ್ನು ಬರೆಸಿಕೊಳ್ಳಿ.

ನಮಸ್ಕಾರ.