ಫಲಕ ನೋಡಿ ಸಂಬಳ ಹೇಳಲು ಬರುವುದಿಲ್ಲ

ನಮಸ್ಕಾರ. ಅಮೆರಿಕದ ಫಾಸ್ಟ್ ಫುಡ್ ನೌಕರರ ಸಂಬಳದ ಮಾತು ಬಂದಾಗಲೆಲ್ಲ ಒಂದು ಸಲಹೆ ತಪ್ಪದೆ ಕೇಳಿಬರುತ್ತದೆ: ಒಂದೇ ಹೆಸರಿನಲ್ಲಿ ಹಲವು ಮಳಿಗೆಗಳಿರುವ ದೊಡ್ಡ ಚೈನ್‌ಗಳು ಕೆಲಸಗಾರರನ್ನು ಸುಲಿಯುತ್ತವೆ, ಆದ್ದರಿಂದ ಅವುಗಳನ್ನು ಬಿಟ್ಟು, ಮಾಲೀಕರೇ ನಿಂತು ನಡೆಸುವ ಸಣ್ಣ ರೆಸ್ಟೋರೆಂಟುಗಳಿಗೆ ಹೋಗಿ ಎಂಬುದು ಆ ಸಲಹೆ. ಅದರ ಹಿಂದಿರುವ ಕಾಳಜಿಯ ಬಗ್ಗೆ ನನಗೆ ಗೌರವವಿದೆ. ಆದರೆ ಅಡುಗೆಮನೆಯಲ್ಲಿ ದುಡಿಯುವವರ ಕೈಗೆ ಎಷ್ಟು ಸೇರುತ್ತದೆ ಎಂಬುದೇ ನಮ್ಮ ಪ್ರಶ್ನೆಯಾದರೆ, ಬಾಗಿಲ ಮೇಲಿನ ಫಲಕ ಅದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಆ ಊರಿನ ಕಾನೂನಿನಲ್ಲಿ ಮತ್ತು ನೌಕರರು ಸಂಘಟಿತರಾಗಿದ್ದಾರೆಯೇ ಎಂಬುದರಲ್ಲಿ.

ಅಮೆರಿಕದ ಒಕ್ಕೂಟ ಸರ್ಕಾರದ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. 2009ರ ಜುಲೈನಲ್ಲಿ ಜಾರಿಗೆ ಬಂದ ಈ ದರ ಅಲ್ಲಿಂದೀಚೆಗೆ ಒಂದು ಸೆಂಟ್ ಕೂಡ ಏರಿಲ್ಲ. 2012ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫಾಸ್ಟ್ ಫುಡ್ ನೌಕರರು ಕೆಲಸ ನಿಲ್ಲಿಸಿ ಬೀದಿಗಿಳಿದು, ಗಂಟೆಗೆ 15 ಡಾಲರ್ ಮತ್ತು ಸಂಘ ಕಟ್ಟುವ ಹಕ್ಕು ಬೇಕೆಂದು ಕೇಳಿದಾಗ ಅದು ಎಂದಿಗೂ ಈಡೇರದ ಬೇಡಿಕೆಯೆಂದೇ ಬಹಳ ಮಂದಿ ಭಾವಿಸಿದ್ದರು. ಆ ಹೋರಾಟದ ಫಲ ಅತ್ಯಂತ ಸ್ಪಷ್ಟವಾಗಿ ಕಾಣಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ. 2024ರ ಏಪ್ರಿಲ್ 1ರಿಂದ ಅಲ್ಲಿನ ಫಾಸ್ಟ್ ಫುಡ್ ನೌಕರರ ಕನಿಷ್ಠ ವೇತನ ಗಂಟೆಗೆ 20 ಡಾಲರ್ ಆಯಿತು.

ಈ ಕಾನೂನಿನ ಒಂದು ಷರತ್ತನ್ನು ಗಮನವಿಟ್ಟು ನೋಡಬೇಕು. ಇದು ಅನ್ವಯಿಸುವುದು ದೇಶಾದ್ಯಂತ ಕನಿಷ್ಠ 60 ಮಳಿಗೆಗಳಿರುವ ಚೈನ್‌ಗಳಿಗೆ ಮಾತ್ರ. ಆ ಹೊತ್ತಿಗೆ ರಾಜ್ಯದ ಸಾಮಾನ್ಯ ಕನಿಷ್ಠ ವೇತನ 16 ಡಾಲರ್ ಇತ್ತು. ಎಂದರೆ, ನಗರದ್ದೇ ಆದ ಪ್ರತ್ಯೇಕ ಕನಿಷ್ಠ ವೇತನವಿಲ್ಲದ ಒಂದು ಊರಿನಲ್ಲಿ ಅಕ್ಕಪಕ್ಕದ ಎರಡು ಅಡುಗೆಮನೆಗಳಲ್ಲಿ, ಒಂದೇ ಬಗೆಯ ಕುದಿಯುವ ಎಣ್ಣೆಯ ಮುಂದೆ, ಒಂದೇ ಬಗೆಯ ಆಲೂಗಡ್ಡೆ ಕರಿಯುತ್ತ ನಿಂತ ಇಬ್ಬರ ಪೈಕಿ ಚೈನಿನಲ್ಲಿರುವವರಿಗೆ ಕಾನೂನು 20 ಡಾಲರ್ ಖಾತ್ರಿಪಡಿಸಿತು, ಪಕ್ಕದ ಸ್ವತಂತ್ರ ರೆಸ್ಟೋರೆಂಟಿನವರಿಗೆ 16 ಮಾತ್ರ. ಸ್ವತಂತ್ರ ಮಾಲೀಕರು ಸ್ವಇಚ್ಛೆಯಿಂದ ಹೆಚ್ಚು ಕೊಡಬಹುದು, ಕೆಲಸಗಾರರು ಕೈತಪ್ಪದಿರಲಿ ಎಂದು ಕೊಡಬೇಕಾಗಿಯೂ ಬರಬಹುದು. ಆದರೂ ನೌಕರರ ಹಿತಕ್ಕಾಗಿ ಚೈನ್ ಬಿಟ್ಟು ಬಂದೆ ಎನ್ನುವ ಗ್ರಾಹಕರು ಕಡಿಮೆ ಸಂಬಳದ ಅಡುಗೆಮನೆಗೇ ಹಣ ಕೊಟ್ಟುಬಂದಿರುವ ಸಾಧ್ಯತೆ ಅಲ್ಲಿ ನಿಜಕ್ಕೂ ಇದೆ.

ಇನ್ನೊಂದು ತೊಡಕಿದೆ, ಮತ್ತು ಇದರ ಬಗ್ಗೆ ಸಾಕಷ್ಟು ಚರ್ಚೆ ನಡೆಯುವುದಿಲ್ಲವೆಂಬುದು ನನ್ನ ಬೇಸರ. ನಾವು ಚೈನ್ ಎಂದು ಕರೆಯುವ ಮಳಿಗೆ ಅನೇಕ ಸಲ ಆ ಕಂಪನಿಯದ್ದಾಗಿರುವುದೇ ಇಲ್ಲ. ಮೆಕ್‌ಡೊನಾಲ್ಡ್ಸ್‌ನ ನೂರಕ್ಕೆ ಸುಮಾರು 95 ಮಳಿಗೆಗಳನ್ನು ನಡೆಸುವವರು ಫ್ರಾಂಚೈಸಿಗಳು, ಅಂದರೆ ಕಂಪನಿಯ ಹೆಸರು ಬಳಸಲು ಹಣ ಕಟ್ಟಿ ಮಳಿಗೆ ನಡೆಸುವ ಬೇರೆ ಮಾಲೀಕರು. ಈ ಫ್ರಾಂಚೈಸಿ ಮಾಲೀಕರ ಲೆಕ್ಕದ ಪುಸ್ತಕವನ್ನು ಒಮ್ಮೆ ಕಲ್ಪಿಸಿಕೊಳ್ಳಿ. ಮಾರಾಟದ ಮೊತ್ತದಲ್ಲಿ ಒಂದು ಪಾಲು ರಾಯಲ್ಟಿಗೆ, ಅಂದರೆ ಹೆಸರು ಬಳಸಿದ್ದಕ್ಕೆ ಕಂಪನಿಗೆ ಕಟ್ಟುವ ಶುಲ್ಕಕ್ಕೆ, ಹೋಗುತ್ತದೆ. ಮೆಕ್‌ಡೊನಾಲ್ಡ್ಸ್ 2024ರಿಂದ ಅಮೆರಿಕದ ಹೊಸ ಮಳಿಗೆಗಳಿಗೆ ಇದನ್ನು ಶೇಕಡ 4ರಿಂದ 5ಕ್ಕೆ ಏರಿಸಿತು. ಜಾಹೀರಾತಿಗೆ ಇನ್ನೊಂದು ಪಾಲು. ಕಟ್ಟಡ ಕಂಪನಿಯ ವಶದಲ್ಲಿದ್ದರೆ ಅದಕ್ಕೆ ಬಾಡಿಗೆ. ಮಾಂಸ, ಬನ್ನು, ಕಪ್ಪು, ಕಾಗದ ಎಲ್ಲವನ್ನೂ ಕಂಪನಿ ಒಪ್ಪಿದವರಿಂದಲೇ ಕೊಳ್ಳಬೇಕು, ಯಂತ್ರಗಳೂ ಕಂಪನಿ ಹೇಳಿದವೇ ಆಗಿರಬೇಕು. ಮೇಲಿನಿಂದ ಕೆಳಗಿನವರೆಗೆ ಈ ಪಟ್ಟಿಯನ್ನು ಓದುತ್ತ ಬಂದರೆ, ಮಾಲೀಕರು ತಮ್ಮ ಕೈಯಾರೆ ಬಿಗಿಯಬಹುದಾದ ಖರ್ಚು ಎಂದು ಉಳಿಯುವುದು ಮುಖ್ಯವಾಗಿ ಒಂದೇ, ಕೆಲಸಗಾರರ ಗಂಟೆಗಳು. ಗಿರಾಕಿಗಳು ಕಡಿಮೆಯಾದ ಮಧ್ಯಾಹ್ನ ಮೂರು ಗಂಟೆಗೆ ಇಬ್ಬರನ್ನು ಮನೆಗೆ ಕಳುಹಿಸುವುದು, ರಾತ್ರಿ ಅಂಗಡಿ ಮುಚ್ಚಿದವರನ್ನೇ ಬೆಳಗ್ಗೆ ತೆರೆಯಲು ಕರೆಯುವುದು, ಮುಂದಿನ ವಾರದ ಪಾಳಿಯನ್ನು ಕೊನೆಯ ಗಳಿಗೆಯವರೆಗೆ ತಿಳಿಸದಿರುವುದು, ಇವೆಲ್ಲ ಹುಟ್ಟುವುದು ಇಲ್ಲಿಂದ. ಹೆಚ್ಚಿನ ಸಂದರ್ಭಗಳಲ್ಲಿ ಇದು ಯಾರೋ ಒಬ್ಬ ಮ್ಯಾನೇಜರಿನ ಕ್ರೌರ್ಯವಲ್ಲ, ಹಣ ಹರಿಯುವ ದಾರಿಯನ್ನೇ ಹಾಗೆ ಕಟ್ಟಲಾಗಿದೆ.

ಗಂಟೆಗೆ ಎಷ್ಟು ಎಂಬುದರಷ್ಟೇ ವಾರಕ್ಕೆ ಎಷ್ಟು ಗಂಟೆ ಎಂಬುದೂ ಮುಖ್ಯವೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ನ್ಯೂಯಾರ್ಕ್ ನಗರ ಇದನ್ನು ಅರ್ಥಮಾಡಿಕೊಂಡಿತು. 2017ರ ನವೆಂಬರಿನಿಂದ ಅಲ್ಲಿನ ದೊಡ್ಡ ಫಾಸ್ಟ್ ಫುಡ್ ಚೈನ್‌ಗಳು ಪಾಳಿಯ ಪಟ್ಟಿಯನ್ನು 14 ದಿನ ಮೊದಲೇ ಕೊಡಬೇಕು. ರಾತ್ರಿ ಮುಚ್ಚಿ 11 ಗಂಟೆಯೊಳಗೆ ಮತ್ತೆ ತೆರೆಯಲು ಬರಬೇಕಾದರೆ ನೌಕರರ ಲಿಖಿತ ಒಪ್ಪಿಗೆ ಪಡೆದು 100 ಡಾಲರ್ ಹೆಚ್ಚುವರಿಯಾಗಿ ಕೊಡಬೇಕು. ಮಕ್ಕಳನ್ನು ಯಾರ ಬಳಿ ಬಿಡಲಿ ಎಂದು ಪ್ರತಿ ವಾರ ತಡಕಾಡುವ ತಾಯಿಗೆ ಈ ಹದಿನಾಲ್ಕು ದಿನಗಳ ಬೆಲೆ ಏನೆಂಬುದನ್ನು ಯೋಚಿಸಿ.

ಹಾಗಾದರೆ ಸ್ವತಂತ್ರ ರೆಸ್ಟೋರೆಂಟುಗಳ ಪರವಾಗಿ ಹೇಳುವುದಕ್ಕೆ ಏನೂ ಇಲ್ಲವೇ? ಖಂಡಿತ ಇದೆ. ಅವರು ಯಾರಿಗೂ ರಾಯಲ್ಟಿ ಕಟ್ಟುವುದಿಲ್ಲ. ಬೆಲೆ ಏರಿಸುವುದು, ತಿನಿಸುಗಳ ಪಟ್ಟಿಯನ್ನು ಚಿಕ್ಕದು ಮಾಡುವುದು, ವಾರಕ್ಕೊಂದು ದಿನ ಬಾಗಿಲು ಮುಚ್ಚಿ ಎಲ್ಲರಿಗೂ ರಜೆ ಕೊಡುವುದು, ಇದಕ್ಕೆಲ್ಲ ಅವರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಒಳ್ಳೆಯ ಮಾಲೀಕರ ಕೈಯಲ್ಲಿ ಈ ಸ್ವಾತಂತ್ರ್ಯ ನೌಕರರ ಬದುಕನ್ನೇ ಬದಲಿಸಬಲ್ಲದು. ಆದರೆ ಅದೇ ಸ್ವಾತಂತ್ರ್ಯ ಕೆಟ್ಟ ಮಾಲೀಕರಿಗೂ ಇದೆ, ಮತ್ತು ಅಲ್ಲಿ ದೂರು ಕೊಡಬೇಕಾದದ್ದು ಸಂಬಳ ಹಿಡಿದಿಟ್ಟುಕೊಂಡ ಅದೇ ವ್ಯಕ್ತಿಗೆ. ಟಿಪ್ಸ್ ಪಡೆಯುವವರಿಗೆ ಒಕ್ಕೂಟ ಕಾನೂನಿನ ಪ್ರಕಾರ ಮಾಲೀಕರು ನೇರವಾಗಿ ಕೊಡಬೇಕಾದ ಕನಿಷ್ಠ ವೇತನ 1991ರಿಂದಲೂ ಗಂಟೆಗೆ 2.13 ಡಾಲರ್ ಮಾತ್ರ. ಟಿಪ್ಸ್ ಸೇರಿ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕೆಂಬ ನಿಯಮವಿದೆ, ಆದರೆ ಅದನ್ನು ಕೇಳಿ ಪಡೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳು ಈ ಪದ್ಧತಿಯನ್ನು ಒಪ್ಪುವುದಿಲ್ಲ, ಅಲ್ಲಿ ಟಿಪ್ಸ್ ಸಂಬಳದ ಮೇಲಿನ ಹಣ.

ಸಂಬಳ ಏರಿಸಿದರೆ ಕೆಲಸಗಳೇ ಹೋಗುತ್ತವೆ ಎಂಬ ವಾದವನ್ನು ನಾನು ಪಕ್ಕಕ್ಕೆ ಸರಿಸುವುದಿಲ್ಲ. ಕ್ಯಾಲಿಫೋರ್ನಿಯಾದ 20 ಡಾಲರ್ ಕಾನೂನಿನ ಬಗ್ಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನ ಉದ್ಯೋಗ ಕುಸಿಯಲಿಲ್ಲ, ಬೆಲೆ ಸುಮಾರು ಶೇಕಡ 3.7ರಷ್ಟು, ಅಂದರೆ ನಾಲ್ಕು ಡಾಲರಿನ ಬರ್ಗರಿಗೆ ಹದಿನೈದು ಸೆಂಟ್, ಏರಿತು ಎಂದಿತು. 2025ರಲ್ಲಿ ಬಂದ ಮತ್ತೊಂದು ಸಂಶೋಧನಾ ಪ್ರಬಂಧ ಉಳಿದ ರಾಜ್ಯಗಳಿಗೆ ಹೋಲಿಸಿ ಸುಮಾರು 18,000 ಕೆಲಸಗಳು ಕಡಿಮೆಯಾದವೆಂದು ಲೆಕ್ಕಹಾಕಿತು. ಎರಡನ್ನೂ ಓದಿದ ಮೇಲೆಯೂ ನಾನು ವೇತನ ಏರಿಕೆಯ ಪರವೇ ನಿಲ್ಲುತ್ತೇನೆ, ಏಕೆಂದರೆ ಪೂರ್ತಿ ದುಡಿದವರು ಬಾಡಿಗೆ ಕಟ್ಟಲಾಗದ ಸಂಬಳದ ಮೇಲೆ ಒಂದು ಉದ್ಯಮ ನಿಂತಿದ್ದರೆ ಅದರ ನಿಜವಾದ ಖರ್ಚನ್ನು ಹೊರುತ್ತಿರುವವರು ಆ ನೌಕರರು ಮತ್ತು ಅವರಿಗೆ ಆಹಾರದ ನೆರವು ನೀಡುವ ಸರ್ಕಾರ. ಆದರೆ ಕೆಲಸ ಕಳೆದುಕೊಂಡವರೊಬ್ಬರು ಎದುರಿಗೆ ನಿಂತು ಪ್ರಶ್ನಿಸಿದರೆ ಅದಕ್ಕೂ ಉತ್ತರ ಕೊಡುವ ಹೊಣೆ ನನ್ನಂಥವರ ಮೇಲಿದೆ.

ಒಂದೇ ಬ್ರ್ಯಾಂಡು ಬೇರೆ ನೆಲದಲ್ಲಿ ಬೇರೆ ಸಂಬಳ ಕೊಡುತ್ತದೆ ಎಂಬುದಕ್ಕೆ ಡೆನ್ಮಾರ್ಕ್ ಸಾಕ್ಷಿ. ಅಲ್ಲಿ ಕಾನೂನಿನ ಕನಿಷ್ಠ ವೇತನವೇ ಇಲ್ಲ. 1980ರ ದಶಕದಲ್ಲಿ ಸಂಘದೊಡನೆ ಒಪ್ಪಂದಕ್ಕೆ ಬರಲು ಮೆಕ್‌ಡೊನಾಲ್ಡ್ಸ್ ನಿರಾಕರಿಸಿದಾಗ ಇತರ ಉದ್ಯಮಗಳ ಕಾರ್ಮಿಕರೂ ಬೆಂಬಲಕ್ಕೆ ಮುಷ್ಕರ ಹೂಡಿದರು, ಕೊನೆಗೆ ಕಂಪನಿ ಸಾಮೂಹಿಕ ಒಪ್ಪಂದಕ್ಕೆ, ಅಂದರೆ ಸಂಘದೊಡನೆ ಮಾತಾಡಿ ಸಂಬಳ ನಿಗದಿ ಮಾಡುವ ಕರಾರಿಗೆ, ಒಳಪಟ್ಟಿತು. ಬರ್ಗರು ಅದೇ, ಫಲಕವೂ ಅದೇ, ಸಂಬಳ ನಿಗದಿಯಾಗುವ ದಾರಿ ಮಾತ್ರ ಬೇರೆ.

ಗ್ರಾಹಕರಾಗಿ ನಾವು ಮಾಡಬಹುದಾದದ್ದು ಸಣ್ಣದು, ಆದರೆ ಇದೆ. ಕೆಲಸಕ್ಕೆ ಜನ ಬೇಕೆಂದು ಗಾಜಿಗೆ ಅಂಟಿಸಿದ ಚೀಟಿಯಲ್ಲಿ ಗಂಟೆಯ ದರ ಬರೆದಿದೆಯೇ ನೋಡಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಎಂಬ ಸಾಲಿದ್ದರೆ ಅದು ಯಾರಿಗೆ ಹೋಗುತ್ತದೆಂದು ವಿನಯದಿಂದ ಕೇಳಿ. ಒಕ್ಕೂಟ ಕಾನೂನಿನ ದೃಷ್ಟಿಯಲ್ಲಿ ಕಡ್ಡಾಯ ಸರ್ವಿಸ್ ಚಾರ್ಜ್ ಟಿಪ್ಸ್ ಅಲ್ಲ, ಅದು ಮಾಲೀಕರ ಆದಾಯ.

ಇದಕ್ಕಿಂತ ಹೆಚ್ಚಿನದನ್ನು ಕೇಳಬೇಕಾದದ್ದು ಜನಪ್ರತಿನಿಧಿಗಳನ್ನು, ಮತ್ತು ಅವರ ಮುಂದಿಡಲು ಸಿಯಾಟಲ್ ನಗರದ ಮಾದರಿ ಇದೆ. 2014ರಲ್ಲಿ ಅಲ್ಲಿ ಅಂಗೀಕಾರವಾದ ಕಾನೂನು ಸಣ್ಣ ಮಾಲೀಕರಿಗೆ ಏರಿಕೆಯನ್ನು ನಿಧಾನವಾಗಿ ಜಾರಿಗೊಳಿಸಲು ವರ್ಷಗಳ ಕಾಲಾವಕಾಶ ಕೊಟ್ಟಿತು, ಫ್ರಾಂಚೈಸಿಗಳನ್ನು ಮಾತ್ರ ಇಡೀ ಜಾಲದ ನೌಕರರ ಸಂಖ್ಯೆಯನ್ನು ಹಿಡಿದು ದೊಡ್ಡ ಮಾಲೀಕರ ಸಾಲಿಗೆ ಸೇರಿಸಿತು. ಫ್ರಾಂಚೈಸಿ ಉದ್ಯಮದವರು ನ್ಯಾಯಾಲಯಕ್ಕೆ ಹೋದರೂ ಅದನ್ನು ತಡೆಯಲಾಗಲಿಲ್ಲ. 2025ರ ಜನವರಿ 1ರಿಂದ ಆ ನಗರದಲ್ಲಿ ಚೈನಿನ ನೌಕರರಿಗೂ ಸ್ವತಂತ್ರ ರೆಸ್ಟೋರೆಂಟಿನ ನೌಕರರಿಗೂ ಒಂದೇ ಕನಿಷ್ಠ ದರ ಜಾರಿಗೆ ಬಂತು, ಗಂಟೆಗೆ 20.76 ಡಾಲರ್.